ಇಬ್ಬರಿಗೊಂದು ಲೈಸೆನ್ಸ್

"ಮೌಸ್ ಕೊಡ್ತೀರಾ?" ಎಂದು ರಂಜಿನಿ ಕೇಳಿದ್ದು ಅದು ನಾಲ್ಕನೇ ಸಲ.

"ಒಂದೇ ನಿಮಿಷ," ಎಂದ ಪಕ್ಕದಲ್ಲಿ ಕೂತವನು. ಕಿವಿಯ ಮೇಲೊಂದು ಪೆನ್ಸಿಲ್, ತೊಡೆಯ ಮೇಲೊಂದು ಕ್ಯಾಲ್ಕುಲೇಟರ್. ಕಂಪ್ಯೂಟರ್ ಮಾಡುವ ಲೆಕ್ಕವನ್ನೆಲ್ಲ ಆ ಪುಣ್ಯಾತ್ಮ ಮೊದಲು ಕಾಗದದ ಮೇಲೆ ಮಾಡಿ ನೋಡಬೇಕಂತೆ. ಅವನ ಒಂದು ನಿಮಿಷ ಶುರುವಾಗಿ ಅರ್ಧ ಗಂಟೆಯಾಗಿತ್ತು.

ಚಾಮರಾಜಪೇಟೆಯಲ್ಲಿ ಊದುಬತ್ತಿ ಗೋಡೌನೊಂದರ ಮೇಲಿನ ಮಹಡಿ ಅದು. ಹೀಟ್ ಎಕ್ಸ್‌ಚೇಂಜರ್ ಡಿಸೈನ್ ಮಾಡುವ ಸಾಫ್ಟ್‌ವೇರನ್ನು ಇಂಜಿನಿಯರುಗಳಿಗೆ ಅಲ್ಲಿ ಐದು ದಿನದಲ್ಲಿ ಕಲಿಸುತ್ತಾರೆ. ಜನ ಹನ್ನೆರಡು, ಲೈಸೆನ್ಸ್ ಆರೇ ಆರು. ಹಾಗಾಗಿ ಇಬ್ಬರಿಗೊಂದು ಕಂಪ್ಯೂಟರ್. ಟ್ರೈನರ್ ಗೌರೀಶ್ ಸರ್ ಬಾಗಿಲಲ್ಲಿ ನಿಂತು, ಬಂದವರನ್ನು ಬಂದ ಹಾಗೆ ಜೋಡಿ ಮಾಡಿ ಕೂರಿಸಿಬಿಟ್ಟಿದ್ದರು. ಹತ್ತು ನಿಮಿಷ ಬೇಗ ಬಂದ ತಪ್ಪಿಗೆ ರಂಜಿನಿಗೆ ಈ ಕೇದಾರ್ ಗಂಟುಬಿದ್ದಿದ್ದ.

ಅವಳಿಗೆ ಆಟ ಆಡುವಷ್ಟು ಪುರುಸೊತ್ತಿರಲಿಲ್ಲ. ಪೀಣ್ಯದ ಫ್ಯಾಕ್ಟರಿಯಲ್ಲಿ ಅವಳದ್ದು ಆರು ವರ್ಷದ ಇನ್‌ಸ್ಪೆಕ್ಷನ್ ಕೆಲಸ. ಹೀಟ್ ಎಕ್ಸ್‌ಚೇಂಜರ್ ಎಂದರೆ ದೊಡ್ಡ ಉಕ್ಕಿನ ಪೀಪಾಯಿಯೊಳಗೆ ನೂರಾರು ಕೊಳವೆ. ಕೊಳವೆಯ ಒಳಗೊಂದು ದ್ರವ, ಹೊರಗೊಂದು ದ್ರವ, ಒಂದರ ಶಾಖ ಇನ್ನೊಂದಕ್ಕೆ. ಬೇರೆಯವರು ಬರೆದ ಡಿಸೈನ್ ಹಿಡಿದುಕೊಂಡು ಅವನ್ನು ಅಳೆದೂ ಅಳೆದೂ ಅವಳಿಗೆ ಸಾಕಾಗಿಹೋಗಿತ್ತು. ಡಿಸೈನ್ ವಿಭಾಗದಲ್ಲಿ ಜಾಗ ಬೇಕೆಂದರೆ ಈ ಸರ್ಟಿಫಿಕೇಟ್ ಬೇಕು. ಹೋದ ಬ್ಯಾಚಿನಲ್ಲಿ ಕೊನೆಯ ದಿನದ ಟೆಸ್ಟಿನಲ್ಲಿ ಫೇಲಾಗಿದ್ದಳು. "ಇದೊಂದ್ ಸಲ ನೋಡು ತಾಯಿ," ಎಂದಿದ್ದರು ಫ್ಯಾಕ್ಟರಿ ಮಾಲೀಕ ಮುನಿಸ್ವಾಮಿ. "ಆಗ್ಲಿಲ್ಲ ಅಂದ್ರೆ ಆ ಜಾಗಕ್ಕೆ ಹೊರಗಿನವರನ್ನ ತಗೊಂಡ್ಬಿಡ್ತೀನಿ. ಆಮೇಲೆ ನನ್ನ ಬೈಕೋಬೇಡ."

"ರೀ, ನಂಗೂ ಕಲೀಬೇಕು," ಎಂದಳು.

ಕೇದಾರ್ ಮೌಸನ್ನು ಅವಳ ಕಡೆ ಸರಿಸಿದ. ಸರಿಸುವಾಗ ಮೊದಲ ಸಲ ಅವಳ ಮುಖ ನೋಡಿದ. ನೋಡಿದವನು ಕಾಗದದಲ್ಲಿ ಎಲ್ಲಿದ್ದೆ ಎಂಬುದನ್ನೇ ಮರೆತು, ಅದೇ ಸಾಲನ್ನು ಮತ್ತೆ ಮೊದಲಿಂದ ಗೀಚಲು ಹಿಡಿದ. ರಂಜಿನಿ ಅದನ್ನು ಓರೆಗಣ್ಣಲ್ಲಿ ಕಂಡಳು. ನಗು ಬಂತು, ಆದರೆ ನಗುವಷ್ಟರ ಮಟ್ಟಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಎರಡನೇ ದಿನ ಇಳಿಯಿತು. ಮಧ್ಯಾಹ್ನ ಅವಳ ಡಬ್ಬಿಯ ಹಾಗಲಕಾಯಿ ಗೊಜ್ಜನ್ನು ಅವನು ಕೇಳದೆಯೇ ಬಡಿಸಿಕೊಂಡ.

"ಕಹಿ ಇರತ್ತೆ," ಎಂದಳು.

"ಬೆಳಗ್ಗೆಯಿಂದ ನಿಮ್ಮ ಪಕ್ಕ ಕೂತು ಅಭ್ಯಾಸ ಆಗಿದೆ ಬಿಡಿ."

"ಹಾಗಾದ್ರೆ ಇನ್ನೊಂದ್ ಸ್ವಲ್ಪ ಹಾಕೊಳಿ," ಎಂದು ಪೂರ್ತಿ ಅವನ ತಟ್ಟೆಗೆ ಸುರಿದಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಅಷ್ಟನ್ನೂ ತಿಂದ.

ಸಂಜೆ ಇಬ್ಬರೂ ಕೆ.ಆರ್. ಮಾರ್ಕೆಟ್ ಮೆಟ್ರೋವರೆಗೆ ನಡೆದರು. ಅವಳು ಮಲ್ಲೇಶ್ವರಕ್ಕೆ, ಅವನು ಬಸವನಗುಡಿಗೆ; ಒಂದು ಆ ದಿಕ್ಕು, ಒಂದು ಈ ದಿಕ್ಕು. ಅವನ ಟ್ರೈನ್ ಮೊದಲು ಬಂತು. ಅವನು ಹತ್ತಲಿಲ್ಲ. "ತುಂಬಾ ರಶ್," ಎಂದ. ಬೋಗಿಯಲ್ಲಿ ಸೀಟುಗಳು ಖಾಲಿ ಇದ್ದವು. ಮೂರನೇ ದಿನ ಎರಡು ಟ್ರೈನ್ ಬಿಟ್ಟ. ಅವಳು ತನ್ನದೊಂದನ್ನು ಬಿಟ್ಟಳು, ಕಾರಣವನ್ನೇನೂ ಹೇಳಲಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, "ನಿಂಗೆ ಇದು ಬೇಕಿತ್ತಾ ಈಗ?" ಎಂದು ತನ್ನನ್ನೇ ಬೈದುಕೊಂಡಳು.

ನಾಲ್ಕನೇ ದಿನ ಎಲ್ಲ ಕೆಟ್ಟಿತು.

ಅಂದು ಒಬ್ಬೊಬ್ಬರೂ ತಮ್ಮ ಹೆಸರಿನಲ್ಲಿ ಒಂದೊಂದು ಡಿಸೈನ್ ಕೊಡಬೇಕಿತ್ತು, ಅಂತಿಮ ಮಾರ್ಕಿಗೆ ಅದೂ ಸೇರುತ್ತದೆ. ಜಿಡ್ಡಿನ ಕೊಳಕು ಎಣ್ಣೆಯನ್ನು ನೀರಿನಿಂದ ತಣಿಸುವ ಯಂತ್ರ. ರಂಜಿನಿ ಎಣ್ಣೆಯನ್ನು ಕೊಳವೆಯ ಒಳಗೆ ಹರಿಸಿದ್ದಳು. ಒಳಗಾದರೆ ಬ್ರಷ್ ತೂರಿಸಿ ಉಜ್ಜಬಹುದು. ಕೊಳವೆಗಳ ಹೊರಗೆ, ಆ ಇಕ್ಕಟ್ಟಿನಲ್ಲಿ ಜಿಡ್ಡು ಕಟ್ಟಿದರೆ ಶಿವನಾಣೆಗೂ ಹೋಗುವುದಿಲ್ಲ. ಅದನ್ನು ಕೆರೆಯಲಾಗದೆ ಒದ್ದಾಡುವ ಜನರನ್ನು ಅವಳು ಆರು ವರ್ಷ ನೋಡಿದ್ದಳು.

ಫ್ಯಾಕ್ಟರಿಯಿಂದ ಫೋನ್ ಬಂತೆಂದು ಕೆಳಗಿಳಿದು ಹೋದಳು. ಬಂದವಳೇ ಮತ್ತೊಮ್ಮೆ ನೋಡದೆ ಫೈಲ್ ಸಬ್ಮಿಟ್ ಮಾಡಿದಳು. ನಾಲ್ಕು ಗಂಟೆಗೆ ಗೌರೀಶ್ ಸರ್ ಅದನ್ನು ದೊಡ್ಡ ಪರದೆಯ ಮೇಲೆ ಹಾಕಿ, "ಏನಮ್ಮಾ ಇದು, ಕೊಳಕು ಎಣ್ಣೇನ ಹೊರಗಡೆ ಬಿಟ್ಟಿದೀಯ? ತೊಳೆಯೋರು ಯಾರು, ನಾನಾ?" ಎಂದರು.

ರಂಜಿನಿ ಪರದೆ ನೋಡಿದಳು. ಎಣ್ಣೆ ಹೊರಗಿತ್ತು.

"ಸರ್, ಅದು ನಾನು ಬದಲಾಯಿಸಿದ್ದು," ಎಂದು ಕೇದಾರ್ ಎದ್ದು ನಿಂತ. "ಎಣ್ಣೆ ಹೊರಗೆ ಹಾಕಿದ್ರೆ ಯಂತ್ರದ ಸೈಜ್ ಚಿಕ್ಕದಾಗ್ತಿತ್ತು. ಅವರಿಗೆ ಒಳ್ಳೇದಾಗ್ಲಿ ಅಂತ..."

"ಹಾಗಾದ್ರೆ ಮೇಡಂಗೆ ತಮ್ಮ ಫೈಲಲ್ಲಿ ಏನಿದೆ ಅನ್ನೋದೇ ಗೊತ್ತಿಲ್ಲ," ಎಂದರು ಗೌರೀಶ್ ಸರ್. ಯಾರೋ ಹಿಂದೆ ಕಿಸಕ್ಕೆಂದರು. ಹತ್ತಕ್ಕೆ ಮೂರು ಮಾರ್ಕ್ ಬಿತ್ತು.

ಮೆಟ್ಟಿಲ ಮೇಲೆ ಅವನು ಹಿಂದೆಯೇ ಓಡಿ ಬಂದ. "ಸಾರಿ ರಂಜಿನಿ. ನಿಮಗೆ ಹೆಲ್ಪ್ ಮಾಡೋಣ ಅಂತ..."

"ನಾನು ಕೇಳಿದ್ನಾ?" ಅವಳು ತಿರುಗಿ ನಿಂತಳು. ಅಳು ಬರುತ್ತಿದೆ ಎಂಬುದಕ್ಕೆ ಇನ್ನಷ್ಟು ಸಿಟ್ಟು ಬಂತು. "ಸರಿಯಾಗಿತ್ತು ರೀ ಅದು. ನಾನು ಕಣ್ಣಾರೆ ನೋಡಿರೋ ವಿಷಯ. ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ. ನಾಳೆ ಟೆಸ್ಟಲ್ಲಿ, ನನ್ನ ಟೈಮಲ್ಲಿ ಬಾಯಿ ಬಿಡಬೇಡಿ, ಮೌಸ್ ಮುಟ್ಟಬೇಡಿ. ಗೋಡೆ ಥರ ಕೂತಿರಿ."

ಅಂದು ಮೆಟ್ರೋಗೆ ಒಬ್ಬಳೇ ನಡೆದಳು. ಹಾಳಾದವನ ಮೇಲೆ ಇಷ್ಟೊಂದು ಕೋಪ ಯಾಕೆ ಬರುತ್ತಿದೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಇಷ್ಟವಾಗಿಬಿಟ್ಟಿದ್ದಾನೆ, ಅದಕ್ಕೇ. ಉತ್ತರ ಸಿಕ್ಕಿದ ಮೇಲೆ ಕೋಪ ಎರಡು ಪಟ್ಟಾಯಿತು.

ಕೊನೆಯ ದಿನ ಬೆಳಗ್ಗೆ ಟೆಸ್ಟ್, ಎರಡು ಗಂಟೆಯ ಅವಧಿಯದ್ದು: ಮೊದಲ ಒಂದು ಗಂಟೆ ಅವಳದ್ದು, ಎರಡನೆಯದು ಅವನದ್ದು. ನಿನ್ನೆಯ ಮೂರು ಮಾರ್ಕಿನ ಮೇಲೆ ಇಂದು ಒಂದು ತಪ್ಪಾದರೂ ಮುಗಿಯಿತು. ರಂಜಿನಿ ಅಂಕಿಗಳನ್ನೆಲ್ಲ ತುಂಬಿ ರನ್ ಒತ್ತಿದಳು. ಉತ್ತರ ಹುಚ್ಚುಹುಚ್ಚಾಗಿ ಬಂತು, ಎರಡು ಬಸ್ಸಿನಷ್ಟು ಉದ್ದದ ಯಂತ್ರ. ಮತ್ತೆ ಒತ್ತಿದಳು. ಮತ್ತೂ ಅದೇ.

ಪಕ್ಕದಲ್ಲಿ ಕೇದಾರ್ ಪರದೆಯ ಒಂದು ಮೂಲೆಯನ್ನು ನೋಡಿದ, ಚಾವಣಿ ನೋಡಿದ, ತುಟಿ ಕಚ್ಚಿದ. ಕೈ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತ. ನಂತರ ಸಟ್ಟನೆ ಎದ್ದು ಬಾಗಿಲು ತೆಗೆದು ಹೊರಟುಹೋದ.

ಅವನಿಗೆ ತಪ್ಪು ಕಂಡಿದೆ. ಅವಳಿಗೆ ಕಾಣುತ್ತಿಲ್ಲ. ಆ ಅವಮಾನದಲ್ಲಿ ಹಲ್ಲು ಕಚ್ಚಿಕೊಂಡು, ಮೊದಲ ಸಾಲಿನಿಂದ ಬೆರಳಿಟ್ಟು ಓದಿದಳು. ಗಂಟೆಗೆ ಇಷ್ಟು ಎಣ್ಣೆ ಎಂದು ಕೊಟ್ಟಿದ್ದನ್ನು ಸೆಕೆಂಡಿಗೆ ಇಷ್ಟು ಎಂದು ತುಂಬಿದ್ದಳು. ಅದನ್ನು ಹಿಡಿಯುವ ಹೊತ್ತಿಗೆ ಒಂದು ಗಂಟೆ ಮುಗಿಯಲು ಐದೇ ನಿಮಿಷ. ಅವನು ಬರಲಿಲ್ಲ. ಗಂಟೆ ಮುಗಿಯಿತು, ಆಗಲೂ ಬರಲಿಲ್ಲ. "ಅವರು ಬರೋವರೆಗೆ ನೀನೇ ಮಾಡಮ್ಮ, ಲೈಸೆನ್ಸ್ ಸುಮ್ನೆ ಕೂತಿರತ್ತಲ್ಲ," ಎಂದರು ಗೌರೀಶ್ ಸರ್. ಅವಳು ಮಾಡಿದಳು. ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳಿದಳು. ಎರಡೂ ಗಂಟೆ ತೀರಿದ ಮೇಲೆ ಅವರು ಅವಳ ಹೆಸರಿನ ಮುಂದೆ ಪಾಸ್ ಎಂದು ಬರೆದರು.

ಸಂತೋಷ ಪಡಬೇಕಾದವಳು ದಡದಡನೆ ಮೆಟ್ಟಿಲಿಳಿದಳು. ಕೇದಾರ್ ಎದುರಿನ ದರ್ಶಿನಿಯಲ್ಲಿ ತಣ್ಣಗಾದ ಕಾಫಿಯ ಮುಂದೆ ನಿಂತಿದ್ದ.

"ಪಾಸಾ?"

"ಪಾಸು. ನಿಮ್ಮ ಟೈಮ್ ನಂಗ್ಯಾಕೆ ಕೊಟ್ರಿ?"

"ಒಳಗಿದ್ರೆ ಹೇಳ್ಬಿಡ್ತಿದ್ದೆ. ನೀವು ಬೇಡ ಅಂದಿದ್ರಿ. ನಿಮ್ಮದು ಇನ್ನೂ ಮುಗಿದಿಲ್ವೇನೋ ಅಂತ ಬರ್ಲಿಲ್ಲ. ನಂದೇನು, ಮುಂದಿನ ಬ್ಯಾಚಲ್ಲಿ ಮಾಡ್ಕೋತೀನಿ."

"ನೋಡಿ, ಮತ್ತೆ ನೀವೇ ತೀರ್ಮಾನ ಮಾಡಿದ್ರಿ. ನಿನ್ನೆ ಕೇಳದೆ ಫೈಲ್ ಬದಲಾಯಿಸಿದ್ರಿ, ಇವತ್ತು ಕೇಳದೆ ತ್ಯಾಗ ಮಾಡಿದ್ರಿ. ಪಾಸಾದ ಖುಷೀನೂ ಹಾಳ್ ಮಾಡಿದ್ರಲ್ರೀ. ಒಂದ್ ಸಲ, ಒಂದೇ ಒಂದ್ ಸಲ ನನ್ನ ಕೇಳಕ್ಕೇನು ಕಷ್ಟ ನಿಮಗೆ?"

ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಕೇದಾರ್ ಲೋಟವನ್ನು ಕೆಳಗಿಟ್ಟ. ಅವನ ಕಿವಿಯ ತುದಿ ಕೆಂಪಗಾಗಿತ್ತು.

"ಸರಿ, ಕೇಳ್ತೀನಿ," ಎಂದ. "ನಂಗೆ ನೀವು ಇಷ್ಟ. ಮೌಸ್ ಕೇಳಿದ ದಿನದಿಂದಾನೂ. ನಿಮಗೆ ನಾನು ಇಷ್ಟಾನಾ?"

ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು. ರಂಜಿನಿ ತಲೆಯೆತ್ತಿ ಎದುರಿನ ಮಹಡಿಯ ಕಿಟಕಿ ನೋಡಿದಳು.

"ಅದಕ್ಕೆ ಮುಂಚೆ ನಾನೊಂದು ಕೇಳ್ಬೇಕು," ಎಂದಳು. "ಗೌರೀಶ್ ಸರ್ ಇನ್ನೂ ಮೇಲಿದಾರೆ. ನಿಮಗೂ ಒಂದ್ ಗಂಟೆ ಕೊಡಿ ಅಂತ ನಾನು ಹೋಗಿ ಮಾತಾಡ್ಲಾ? ಬೇಡ ಅಂದ್ರೆ ಬೇಡ."

"ಮಾತಾಡಿ," ಎಂದ.

ಗೌರೀಶ್ ಸರ್ ಗೊಣಗುತ್ತಲೇ ಒಪ್ಪಿದರು. ಖಾಲಿ ರೂಮಿನಲ್ಲಿ ಕೇದಾರ್ ಒಬ್ಬನೇ ಕಂಪ್ಯೂಟರಿನ ಮುಂದೆ ಕೂತ, ರಂಜಿನಿ ಪಕ್ಕದ ಕುರ್ಚಿಯಲ್ಲಿ. ಅವನಿಗೆ ಮೊದಲಿನ ನಿಧಾನವಿರಲಿಲ್ಲ, ಕಾಗದದ ಮೇಲೆ ಲೆಕ್ಕ ಮಾಡದೆ ನೇರವಾಗಿ ಅಂಕಿ ತುಂಬುತ್ತಿದ್ದ. ನೀರಿನ ತಾಪಮಾನ ಮೂವತ್ತೆರಡು ಎಂದಿದ್ದನ್ನು ಇಪ್ಪತ್ಮೂರು ಎಂದು ತುಂಬಿ ಮುಂದೆ ಹೋದ.

ರಂಜಿನಿಗೆ ಕಂಡಿತು. ನಾಲಗೆ ತುದಿಗೇ ಬಂತು. ಎದ್ದು ಓಡಿಹೋಗಬೇಕೆನಿಸಿತು. ಬೆಳಗ್ಗೆ ಅವನು ಯಾಕೆ ಹಾಗೆ ಎದ್ದು ಹೋದ ಎಂದು ಆಗ ಪೂರ್ತಿ ಅರ್ಥವಾಯಿತು. ಅವಳು ಮಾತ್ರ ಏಳಲಿಲ್ಲ. ಟೇಬಲ್ಲಿನ ಮೇಲೆ ಸುಮ್ಮನೆ ಬಿದ್ದಿದ್ದ ಅವನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವನು ಬೆಚ್ಚಿ ಕೈ ನೋಡಿದ, ಅವಳನ್ನು ನೋಡಿದ.

"ರಂಜಿನಿ, ಹೆಲ್ಪ್ ಮಾಡೋ ಹಾಗಿಲ್ಲ," ಎಂದರು ಗೌರೀಶ್ ಸರ್ ತಮ್ಮ ಮೇಜಿನಿಂದಲೇ.

"ಹೆಲ್ಪ್ ಮಾಡ್ತಿಲ್ಲ ಸರ್, ಇವರು ಕೆಳಗೆ ಕೇಳಿದ್ದಕ್ಕೆ ಉತ್ತರ ಹೇಳ್ತಿದೀನಿ," ಎಂದಳು. ಕೈ ಬಿಡಲಿಲ್ಲ.