ಹನ್ನೊಂದು ಖಾಲಿ ಹಾಳೆಗಳು

ಕೊಳವೆಯ ಮುಚ್ಚಳ ಕಿತ್ತು ಅತ್ತಿಗೆ ಮೇಜಿನ ಮೇಲೆ ಸುರಿದಳು. ಬಿದ್ದವು ಹನ್ನೊಂದು ಹಾಳೆ. ಲೆಕ್ಕ ಸರಿಯಿತ್ತು. ಆದರೆ ಒಂದರ ಮೇಲೂ ಒಂದು ಗೆರೆಯಿರಲಿಲ್ಲ.

ಬಿಡಿಸಿದಷ್ಟೂ ಸುತ್ತಿಕೊಳ್ಳುತ್ತಿದ್ದವು ಅವು. ಮೂಲೆಗಳಿಗೆ ಕಾಫಿ ಲೋಟ, ಕತ್ತರಿ, ಗೋಂದಿನ ಬಾಟಲಿ ಹೇರಿ ಒಂದೊಂದನ್ನೂ ಮಗುಚಿ ನೋಡಿದಳು. ಹಿಂಬದಿಯೂ ಬೋಳು.

"ಎಲ್ಲೇ ನಮ್ಮಮ್ಮನ ಗೆರೆ?" ಬಾಗಿಲಿಗೆ ಒರಗಿ ನಿಂತಿದ್ದ ಮನೆಯೊಡತಿ ಕೇಳಿದ್ದು ಅಷ್ಟೇ.

ಅತ್ತಿಗೆ ತಿರುಗಿ ನಾದಿನಿಯನ್ನು ನೋಡಿದಳು.

ಗಂಡನ ಮನೆ ಬಿಟ್ಟು ಬಂದು ಎರಡು ವರ್ಷದಿಂದ ಅಣ್ಣನ ಮನೆಯ ಒಂದು ಮೂಲೆಯಲ್ಲಿದ್ದವಳು ಆ ನಾದಿನಿ. ಕಾಗದದ ಕಲೆ ಕಲಿಸಲು ಅತ್ತಿಗೆ ಊರೂರು ಸುತ್ತುವಾಗ ಕಾರು ಓಡಿಸುವುದು, ಪೆಟ್ಟಿಗೆ ಹೊರುವುದು, ತರಗತಿ ಮುಗಿದ ಮೇಲೆ ಚೂರುಪಾರು ಗುಡಿಸುವುದು ಅವಳ ಪಾಲಿಗೆ ಬಂದ ಕೆಲಸ. ಈ ಸಲ ಹೊರಟು ಒಂಬತ್ತು ದಿನವಾಗಿತ್ತು. ನಾಲ್ಕು ಊರು, ನಾಲ್ಕು ತರಗತಿ ಮುಗಿದಿದ್ದವು. ತಂಗಲು ಅತ್ತಿಗೆಯ ಜೊತೆ ಈ ಕಲೆ ಕಲಿತ ಗೆಳತಿಯರ ಮನೆಗಳು. ಒಬ್ಬಳು ಕಾಗದದ ಹೂ ಕಟ್ಟುವವಳು, ಇನ್ನೊಬ್ಬಳು ಮುಖವಾಡದವಳು. ಐದನೆಯ ಮತ್ತು ಕಡೆಯ ಮನೆ ಇದು, ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರನ ಮನೆ. ಅವನ ಹೆಂಡತಿಯೇ ಈ ಮನೆಯೊಡತಿ.

ಕೊಳವೆಯಲ್ಲಿರಬೇಕಿದ್ದ ಹಾಳೆಗಳು ಅವಳ ತಾಯಿಯವು. ಅವನ್ನು ನೋಡಿ ಮಾಡಿದ ಪುಸ್ತಕ ತೆರೆದರೆ ಸಾಕು, ಏಳಂತಸ್ತಿನ ಗೋಪುರವೊಂದು ಎದ್ದು ನಿಲ್ಲುತ್ತದೆ, ಮುಚ್ಚಿದರೆ ಮಲಗುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಎಂದು ಆ ತಾಯಿ ಕೈಯಾರೆ ಬರೆದ ನಕ್ಷೆಗಳವು. ಒಂದು ತಿಂಗಳ ಮಟ್ಟಿಗೆಂದು ಒಯ್ದ ಅತ್ತಿಗೆ ಇಪ್ಪತ್ತು ವರ್ಷ ಇಟ್ಟುಕೊಂಡಳು. ಅದರಿಂದಲೇ ಹೆಸರು ಮಾಡಿದಳು. ತಾಯಿ ತೀರಿಕೊಂಡ ಮೇಲೆ ಮಗಳು ಪತ್ರದ ಮೇಲೆ ಪತ್ರ ಬರೆದು, ಈ ಪ್ರಯಾಣದಲ್ಲಿ ಹಿಂದಿರುಗಿಸುವುದಾಗಿ ಮಾತು ಪಡೆದಿದ್ದಳು.

"ನೆನ್ನೆ ಸಂಜೆ ಇಲ್ಲಿಗೆ ಬಂದ ಕೂಡಲೇ ಕಾರಿನ ಹತ್ರ ಬಿಚ್ಚಿ ನೋಡಿದೀನಿ. ಹನ್ನೊಂದೂ ಇದ್ವು," ಎಂದಳು ಅತ್ತಿಗೆ. "ಆಮೇಲೆ ಡಿಕ್ಕಿಗೆ ಬೀಗ ಹಾಕಿ ಕೀ ಕೊಟ್ಟಿದ್ದು ಇವಳ ಕೈಗೆ."

ಮನೆಯೊಡತಿ ಒಳಗೆ ಹೋಗಿ ನಾದಿನಿಯ ಚೀಲ ತಂದು, ಬಟ್ಟೆಬರೆಯನ್ನೆಲ್ಲ ನೆಲದ ಮೇಲೆ ಕೊಡವಿದಳು. ಒಳಬಟ್ಟೆಗಳ ನಡುವೆ ಒಂದು ಪೊಟ್ಟಣ. ಅದರಲ್ಲಿ, ತರಗತಿಗಳಲ್ಲಿ ಗುಡಿಸಿದ ಚೂರುಗಳಿಂದಲೇ ಮಾಡಿದ ಬೆರಳುದ್ದದ ಗೋಪುರ.

"ನೋಡಿದ್ಯಾ? ಕದ್ದು ಕಲೀತಾ ಇದಾಳೆ," ಎಂದಳು ಅತ್ತಿಗೆ. ಹೋದ ತಿಂಗಳು ತನಗೂ ಕಲಿಸಿಕೊಡು ಎಂದು ಇವಳು ಬೆನ್ನು ಹತ್ತಿದ್ದನ್ನೂ, ತಾನು ಒಪ್ಪದಿದ್ದುದನ್ನೂ ಬಣ್ಣ ಕಟ್ಟಿ ಹೇಳಿದಳು. ಕೊಳವೆ ಹಗುರವೆನಿಸಬಾರದೆಂದೇ ಖಾಲಿ ಹಾಳೆ ತುರುಕಿದ್ದಾಳೆ, ಅದೂ ತರಗತಿಗೆಂದು ಕಾರಿನಲ್ಲಿ ತಂದ ಕಾಗದದ ಕಟ್ಟಿನದೇ, ಬೇಕಾದರೆ ಹೋಲಿಸಿ ನೋಡಿ ಎಂದಳು.

ಬೈಂಡರ್ ಪಕ್ಕದ ಹಲಗೆಯ ಮುಂದಿದ್ದ. ಗ್ರಂಥಾಲಯದ ಬಾಗಿಲಿಗೆ ಅಂಟಿಸಬೇಕಾದ ತರಗತಿಯ ಪ್ರಕಟಣೆಯನ್ನು ಹಲಗೆಯ ಮೇಲೆ ಕವುಚಿ ಹಾಕಿಕೊಂಡು ಅಂಟು ಕಲಸುತ್ತಿದ್ದ. ಎದ್ದು ಬಂದು ಖಾಲಿ ಹಾಳೆಯೊಂದರ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ಅದೇ ಕಾಗದ," ಎಂದು ಮತ್ತೆ ತನ್ನ ಜಾಗಕ್ಕೆ ಹೋದ.

"ಎಲ್ಲಿಟ್ಟಿದೀಯ ಹೇಳಿಬಿಡು," ಎಂದಳು ಅತ್ತಿಗೆ. ಹತ್ತು ಗಂಟೆಗೆ ತರಗತಿ. ಅಷ್ಟರೊಳಗೆ ಹಾಳೆ ಸಿಗದಿದ್ದರೆ ಇವಳನ್ನು ಇಲ್ಲಿಯೇ ಬಿಟ್ಟು ಹೋಗುವುದೇ ಸರಿ. ಕಳ್ಳಿಯನ್ನು ಮನೆಯ ಮೆಟ್ಟಿಲು ಹತ್ತಿಸಬೇಡವೆಂದು ಇವಳ ಅಣ್ಣನಿಗೆ ಈಗಲೇ ಫೋನು ಮಾಡುತ್ತೇನೆ—ಹೀಗೆ ಸಾಗಿತು ಮಾತು. ಬೈಂಡರನ ಹೆಂಡತಿ ತಡೆಯಲಿಲ್ಲ. ಬೈಂಡರ್ ತಲೆಯೆತ್ತಲಿಲ್ಲ.

ನಾದಿನಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತಳು. ಅಣ್ಣನ ಮನೆಯ ಆ ಮೂಲೆಯೂ ಕೈಬಿಟ್ಟರೆ ಹೋಗುವುದೆಲ್ಲಿಗೆ? ಬಟ್ಟೆಗಳನ್ನು ಆಯ್ದು ಚೀಲಕ್ಕೆ ತುಂಬುತ್ತ, ಮೇಜಿನ ಮೇಲಿನ ಲೋಟ, ಕತ್ತರಿ, ಬಾಟಲಿಗಳನ್ನು ಅವಳು ಎರಡೆರಡು ಸಲ ನೋಡಿದಳು. ಆಮೇಲೆ ಹಲಗೆಯ ಕಡೆ ನೋಡಿದಳು. ಎದ್ದು ನಿಂತಳು.

"ಅತ್ತಿಗೆ, ನೆನ್ನೆ ಸಂಜೆ ಗೆರೆ ಇದ್ದಿದ್ದನ್ನ ನೀವೇ ಕಂಡ್ರಾ?"

"ಎಷ್ಟು ಸಲ ಹೇಳ್ಬೇಕು?"

"ದಾರೀಲಿ ಕೊಳವೆ ಬಿಚ್ಚಿದ್ರಾ?"

"ಯಾಕೆ ಬಿಚ್ಚಲಿ? ತರಗತಿಗೆ ಕತ್ತರಿಸಿಟ್ಟ ತುಂಡುಗಳಿದ್ವಲ್ಲ."

"ಮನೇಲಿ ಮುಚ್ಚಳ ಹಾಕಿದ್ದು ಯಾರು?"

"ನಾನು. ನನ್ನ ಕೈಯಾರೆ. ಏನೀಗ? ವಿಚಾರಣೆ ಮಾಡೋಳು ನೀನೋ ನಾನೋ?"

"ಅಂದ್ಮೇಲೆ ಖಾಲಿ ಹಾಳೆ ಒಳಗೆ ಹೋಗಿದ್ದು ನೆನ್ನೆ ಸಂಜೆಯಿಂದ ಈಚೆಗೆ?"

"ಇನ್ಯಾವಾಗ? ಕೀ ಇದ್ದಿದ್ದು ನಿನ್ನ ಹತ್ರ."

ನಾದಿನಿ ಮೇಜಿನ ಬಳಿ ಹೋಗಿ ಲೋಟ ತೆಗೆದಳು. ಕತ್ತರಿ ತೆಗೆದಳು. ಬಾಟಲಿ ತೆಗೆದಳು. ಹಿಡಿತ ತಪ್ಪಿದ ಹಾಳೆಗಳು ಸರಕ್ಕನೆ ಸುತ್ತಿಕೊಂಡು, ಕೈಬೆರಳಷ್ಟು ಸಣ್ಣ ಸುರುಳಿಗಳಾಗಿ ಉರುಳಿದವು.

"ಅಣ್ಣ, ಆ ಪ್ರಕಟಣೆ ಯಾವ ಕಾಗದ?" ಎಂದು ಬೈಂಡರನನ್ನು ಕೇಳಿದಳು.

"ಇದೇ ಕಟ್ಟಿನದು."

"ಅದನ್ನ ನೆನ್ನೆ ಸಂಜೆ ನಿಮ್ಮ ಜಗಲಿ ಮೇಲೆ ಬರೆದು, ಬಿಗಿಯಾಗಿ ಸುತ್ತಿ ರಬ್ಬರ್ ಹಾಕಿದ್ದು ಅತ್ತಿಗೇನೇ. ನೀವು ಬಿಚ್ಚಿದ್ದು?"

"ಈಗ್ಗೆ ಅರ್ಧ ಗಂಟೆ ಆಯ್ತು."

"ಅದರ ಮೇಲೆ ಏನು ಹೇರಿದೀರಿ?"

ಬೈಂಡರ್ ಕೆಳಗೆ ನೋಡಿದ. ಪ್ರಕಟಣೆಯ ಮೇಲೆ ಏನೂ ಇರಲಿಲ್ಲ. ಒಂದು ಅಂಚು ಮಾತ್ರ ತುಸು ಎದ್ದಿತ್ತು. ಉಳಿದಂತೆ ಹಾಸಿದ ಹಾಗೆ ಮಲಗಿತ್ತು. ಅವನು ಕೈಯೊರೆಸಿಕೊಂಡು ಮೇಜಿಗೆ ಬಂದ. ಸುರುಳಿಯೊಂದನ್ನು ಬಿಡಿಸಿದ, ಬಿಟ್ಟ. ತಿರುಗಿಸಿ ಬೆನ್ನು ಮೇಲೆ ಮಾಡಿ ಉಜ್ಜಿದ. ಅದು ಮತ್ತೆ ಸುತ್ತಿಕೊಂಡಿತು.

"ಒಂದು ರಾತ್ರಿಗೆ ಹಿಂಗೆ ಹಟ ಹಿಡಿಯಲ್ಲ ಇದು," ಎಂದ ನಿಧಾನವಾಗಿ. "ವಾರದ ಮೇಲಾಗಿದೆ. ಬಿಸಿಲಿಗೂ ಸಿಕ್ಕಿದೆ."

"ಕಾರಿನ ಡಿಕ್ಕೀಲಿ, ಒಂಬತ್ತು ದಿನ," ಎಂದಳು ನಾದಿನಿ. "ಕಟ್ಟಿನಲ್ಲಿ ಹಾಳೆ ಚಪ್ಪಟೆಯಾಗೇ ಇರುತ್ತೆ. ನಾನು ರಾತ್ರೋರಾತ್ರಿ ಕದ್ದು ಬದಲಾಯಿಸಿದ್ರೆ ಇವೂ ಆ ಪ್ರಕಟಣೆ ಥರ ಮಲಗಬೇಕಿತ್ತು. ನಾವೆಲ್ಲ ಹಾಳೆ ಮೇಲೆ ಏನಿಲ್ಲ ಅಂತ ನೋಡಿದ್ವಿ. ಹಾಳೆ ಹೆಂಗಿದೆ ಅಂತ ನೋಡ್ಲಿಲ್ಲ. ಕೊಳವೆ ಮನೆ ಬಿಟ್ಟಾಗಲೇ ಒಳಗಿದ್ದದ್ದು ಇವೇ."

ಮನೆಯೊಡತಿ ಬಾಗಿಲು ಬಿಟ್ಟು ಒಳಗೆ ಬಂದಳು. ಹಾಗಾದರೆ ಹೊರಡುವ ಮೊದಲೇ ನೀನು ತೆಗೆದಿರಬಹುದಲ್ಲ ಎಂದು ನಾದಿನಿಯನ್ನೇ ಕೇಳಿದಳು. ದನಿಯ ಮೊನಚು ಇನ್ನೂ ಇಳಿದಿರಲಿಲ್ಲ.

"ತೆಗೀಬಹುದಿತ್ತು. ಆದ್ರೆ ಆಗ, ನೆನ್ನೆ ಸಂಜೆ ಬಿಚ್ಚಿ ನೋಡಿದ ಅತ್ತಿಗೆಗೆ ಕಾಣಬೇಕಾಗಿದ್ದು ಖಾಲಿ ಹಾಳೆ. ಅವರಿಗೆ ಗೆರೆ ಕಂಡಿತಂತೆ. ಕಳಕೊಂಡೋರು ಇಲ್ಲದ್ದನ್ನ ಕಂಡೆ ಅಂತ ಯಾಕೆ ಹೇಳ್ತಾರೆ? ಗೋಪುರ ಬಿಟ್ಟುಕೊಡೋಕೆ ಮನಸ್ಸಿಲ್ಲ. ಕೊಡಲ್ಲ ಅನ್ನೋಕೂ ಮುಖ ಇಲ್ಲ. ದಾರೀಲಿ ಕಳುವಾಯ್ತು ಅಂದ್ರೆ ಎಲ್ಲಾ ಸಲೀಸು. ಅದಕ್ಕೊಬ್ಬ ಕಳ್ಳಿ ಬೇಕಿತ್ತು. ಕಾರಿನಲ್ಲೇ ಇದ್ದಳು." ಅವಳು ಅತ್ತಿಗೆಯ ಕಡೆ ತಿರುಗಿದಳು. "ಹಾಳೆ ನಿಮ್ಮ ಬೀರುವಿನಲ್ಲಿದೆ, ಅತ್ತಿಗೆ."

ಬಾಯಿಗೆ ಬಂದಂತೆ ಮಾತಾಡಬೇಡ ಎಂದಳು ಅತ್ತಿಗೆ. ಅನ್ನ ಹಾಕಿದ ಕೈ ಕಚ್ಚುತ್ತಿದ್ದೀಯ ಎಂದಳು. ಆದರೆ ಫೋನಿಗೆ ಚಾಚಿದ್ದ ಅವಳ ಕೈ ಈಗ ಸೆರಗಿನೊಳಗೆ ಸೇರಿತ್ತು.

ಫೋನು ಮಾಡಿದವಳು ನಾದಿನಿಯೇ. ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ಅತ್ತಿಗೆಯ ಬೀರು ತೆಗೆದು ನೋಡು ಎಂದಳು ಅಣ್ಣನಿಗೆ. ಆ ಕಡೆಯಿಂದ ಕೀಲು ಕಿರುಗುಟ್ಟಿದ್ದು ಕೇಳಿಸಿತು. ಬಟ್ಟೆ ಸರಿಸಿದ್ದು ಕೇಳಿಸಿತು.

"ಸೀರೆಗಳ ಕೆಳಗೆ ಒಂದಷ್ಟು ಹಳೇ ಹಾಳೆ ಇದಾವೆ," ಎಂದ ಅಣ್ಣ. "ಗೋಪುರದ ಗೆರೆ. ಯಾಕೆ?"

ಬೈಂಡರನ ಹೆಂಡತಿ ಅಲ್ಲಿಯೇ ಕುರ್ಚಿಯ ಮೇಲೆ ಕುಸಿದಳು. ನಾದಿನಿ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅಣ್ಣ ಬೀರುವಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

"ಮನೆ ವಿಷಯಾನ ಹೊರಗಿನವರ ಮುಂದೆ ಎಳೆದು ಹಾಕಬೇಕಿತ್ತಾ ನೀನು?"

ಬೇರೆ ಏನನ್ನೂ ಅವನು ಕೇಳಲಿಲ್ಲ. ಕಳ್ಳಿ ಎನಿಸಿಕೊಂಡ ತಂಗಿಯನ್ನು ಹೇಗಿದ್ದೀಯ ಎಂದೂ ಕೇಳಲಿಲ್ಲ. ನಾದಿನಿ ಕ್ಷಣಕಾಲ ಕಣ್ಣು ಮುಚ್ಚಿದಳು. ಗೆದ್ದದ್ದು ಯಾವುದು, ಕಳೆದುಕೊಂಡದ್ದು ಯಾವುದು ಎಂಬುದು ಅವಳಿಗೆ ಆ ಮಾತಿನಲ್ಲಿ ನಿಚ್ಚಳವಾಗಿ ತಿಳಿಯಿತು.

"ಮಧ್ಯಾಹ್ನದೊಳಗೆ ಬರ್ತೀನಿ," ಎಂದಳು. "ಹಾಳೆಗಳ ಜೊತೆ ನನ್ನ ಬಟ್ಟೆ ಪೆಟ್ಟಿಗೇನೂ ಕಟ್ಟಿಡು, ಅಣ್ಣ. ಎರಡನ್ನೂ ತಗೊಂಡು ಹೋಗ್ತೀನಿ."

ಅವಳು ಕಾರಿನ ಬಳಿ ಬರುವಷ್ಟರಲ್ಲಿ ಬೈಂಡರನ ಹೆಂಡತಿ ಚಪ್ಪಲಿ ಮೆಟ್ಟಿ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಹಿಂದೆಯೇ ಬಂದ ಅತ್ತಿಗೆ ಹಿಂಬಾಗಿಲ ಹಿಡಿಯನ್ನು ಎಳೆದಳು. ಒಳಗಿನಿಂದ ಲಾಕ್ ಹಾಕಿತ್ತು. ನಾದಿನಿ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದಳು.

"ಹತ್ತು ಗಂಟೆಗೆ ತರಗತಿ ಇದೆ, ಅತ್ತಿಗೆ. ನಲವತ್ತು ಜನ ಕಾಯ್ತಿರ್ತಾರೆ."

ಗಾಜು ಏರಿತು. ಕಾರು ಹೊರಟಿತು.