ಶುಂಠಿ ಕಷಾಯ

ಪುಟ್ಟರಾಜು ಕುಡಿತ ಬಿಟ್ಟಿದ್ದಕ್ಕೆ ಜಿಲ್ಲೆಯೇ ಚಪ್ಪಾಳೆ ತಟ್ಟಿತು. ಅವನು ಕುಡಿದು ಬಿದ್ದಿದ್ದ ವರ್ಷಗಳಲ್ಲಿ ಅವನ ಹಾಡಿನ ತಂಡವನ್ನು ಉಳಿಸಿಕೊಂಡು ಬಂದ ಸಹಗಾಯಕಿ ಸುಧಾಮಣಿಗೆ ಒಂದು ಹಾರವೂ ಬೀಳಲಿಲ್ಲ. ಚಾಮರಾಜನಗರದ ಬಸ್ ನಿಲ್ದಾಣದ ಎದುರು ಈಗ ಅವನದೇ ಫ್ಲೆಕ್ಸ್: ‘ನಾನು ಗೆದ್ದೆ, ನೀವೂ ಗೆಲ್ಲಿ.’ ಚರಂಡಿಯಲ್ಲಿ ಮಲಗಿದ್ದನ್ನೂ ವೇದಿಕೆಯ ಮೇಲೆ ವಾಂತಿ ಮಾಡಿಕೊಂಡಿದ್ದನ್ನೂ ಅವನು ಟಿವಿಯವರ ಮುಂದೆ ಹೇಳಿಕೊಂಡ. ಆ ವಾಂತಿಯನ್ನು ಸೆರಗಿನಲ್ಲಿ ಒರೆಸಿ ಹಾಡು ಮುಂದುವರಿಸಿದವಳು ಯಾರೆಂದು ಹೇಳಲಿಲ್ಲ. ಮೈಕನ್ನು ಬಾಯಿಯ ಹತ್ತಿರ ತಂದರೆ ಅವಳಿಗೆ ಇಂದಿಗೂ ಆ ಹುಳಿ ವಾಸನೆಯೇ ಬಡಿಯುತ್ತಿತ್ತು.

ಅವನು ಮತ್ತೆ ಬೀಳಬೇಕು, ಎಲ್ಲರೂ ನೋಡುತ್ತಿರುವಾಗಲೇ. ಅದೇನು ಕಷ್ಟವಲ್ಲ. ಸೆಲ್ಫಿಗೆಂದು ತಬ್ಬಿಕೊಳ್ಳುವವರೂ ಮೊದಲು ಅವನ ಬಾಯಿ ಮೂಸುತ್ತಿದ್ದರು. ಬ್ರಾಂದಿಗಾಗಿ ಅವಳು ಅಂಗಡಿ ಮೆಟ್ಟಿಲು ಹತ್ತಬೇಕಾಗಲೂ ಇಲ್ಲ. ತಂಡದ ವ್ಯಾನಿನ ಸೀಟಿನಡಿ ಅವನೇ ಎಂದೋ ಬಚ್ಚಿಟ್ಟು ಮರೆತ ಬಾಟಲಿ ಸಿಕ್ಕಿತ್ತು. ನಾಳೆ ಯಾರು ಹುಡುಕಿದರೂ ಅದು ಅವನದೇ. ಹಾಡುವ ಮುಂಚೆ ಅವನು ಕುಡಿಯುವ ಕಷಾಯಕ್ಕೆ ಶುಂಠಿ, ಮೆಣಸು ತುಸು ಹೆಚ್ಚು ಜಜ್ಜಿ ಹಾಕಿದರೆ ನಾಲಿಗೆಗೆ ಬೇರೇನೂ ತಿಳಿಯದು. ಒಂದು ಲೋಟ ಒಳಗೆ ಹೋದರೆ ಸಾಕು, ಮಿಕ್ಕಿದ್ದನ್ನು ಹಳೆಯ ದಾಹ ನೋಡಿಕೊಳ್ಳುತ್ತದೆ.

ಗುಂಡ್ಲುಪೇಟೆಯಲ್ಲಿ ಆ ಸಂಜೆ ವ್ಯಸನಮುಕ್ತಿ ಸಮಾವೇಶ. ವ್ಯಾನು ಚಾಮರಾಜನಗರ ದಾಟುವಾಗ ಪುಟ್ಟರಾಜು ಹಿಂತಿರುಗಿ ಕೇಳಿದ: “ಗಂಟ್ಲು ಯಾಕೋ ಕಟ್ಕಂಡದೆ. ಕಷಾಯ ತಂದಿದ್ದೀಯೇನಮ್ಮಿ?”

“ತಂದಿವ್ನಿ ಬುಡಣ್ಣ. ಸ್ಟೇಜ್ ಮ್ಯಾಲೇ ಕೊಡ್ತೀನಿ.”

ಅವನು ವೇದಿಕೆ ಹತ್ತುತ್ತಲೇ ವಿಡಿಯೊ ತೆಗೆಯಲು ಫೋನುಗಳು ಮೇಲೆದ್ದವು. ಅವಳು ಕೊಟ್ಟ ಕಷಾಯವನ್ನು ಅವನು ಗಟಗಟನೆ ಕುಡಿದು ಹಾಡು ಶುರು ಮಾಡಿದ. ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಡದಂತೆ ಕೆಂಪೇರಿತು, ಕೈ ಮೈಕಿಗಾಗಿ ತಡಕಾಡಿತು.

“ಕುಡ್ಕಂಡ್ ಬಂದವ್ನೆ ಕಣ್ಲಾ!” ಮುಂದಿನ ಸಾಲಿನಿಂದ ಯಾರೋ ಕೂಗಿದರು. ಶಿಳ್ಳೆ ಎದ್ದಿತು. ನಾಚಿದವಳಂತೆ ಸುಧಾಮಣಿ ತಲೆ ತಗ್ಗಿಸಿದಳು.

ಆಗ ಅವನು ಎದೆ ಹಿಡಿದುಕೊಂಡು ಕುಸಿದ. ಅವನ ಕುಡಿತದ ಬಗೆಗಳೆಲ್ಲ ಅವಳಿಗೆ ಗೊತ್ತಿದ್ದವು. ಇದು ಅವುಗಳಲ್ಲಿ ಯಾವುದೂ ಅಲ್ಲ. ಉಸಿರಿಗೆ ಬಾಯಿ ಬಿಡುತ್ತಲೇ ಅವನು ಅವಳ ಕೈಯಲ್ಲಿದ್ದ ಫ್ಲಾಸ್ಕನ್ನು ತಳ್ಳಿದ.

“ನೀ ಕುಡೀಬ್ಯಾಡ ಕಣಮ್ಮಿ... ಅದ್ರಲ್ಲಿ ಯಾರೋ ಏನೋ ಬೆರ್ಸವ್ರೆ.”

ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, ಜೀವ ಉಳಿದಿದೆ, ಆದರೆ ಕುಡಿದಿದ್ದಾರೆ ಎಂದರು. ಸುಧಾಮಣಿ ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಪುಟ್ಟರಾಜುವಿನ ಹೆಂಡತಿ ನಾಗರತ್ನ ಮಾತ್ರ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. “ಅವ್ರಾಗೇ ಕುಡ್ಯಕ್ಕಿಲ್ಲ ಸಾರ್. ಕುಡ್ತ ಬುಡ್ಸೋ ಮಾತ್ರೆನ ದಿನಾ ಬೆಳಗ್ಗೆ ನಾನೇ ನುಂಗುಸ್ತೀನಿ, ಅದ್ರ ಮ್ಯಾಲೆ ಒಸಿ ಕುಡುದ್ರೂ ಜೀವಕ್ಕೇ ಬತ್ತದೆ. ಟಿವೀಲಿ ಎಲ್ಲಾನೂ ಏಳ್ಕಂಡ್ರು, ಇದೊಂದ್ನ ಏಳ್ನಿಲ್ಲ. ಮಾತ್ರೆ ಬಲದಲ್ಲಿ ಬುಟ್ಟವ್ನೆ ಅಂತ ಜನ ಆಡ್ಕತರೆ ಅಂತ.” ಡಾಕ್ಟರು ಪೊಲೀಸ್ ಠಾಣೆಗೆ ಫೋನ್ ಮಾಡಲು ಒಳಗೆ ಹೋದರು. ನಾಗರತ್ನ ನಿಧಾನವಾಗಿ ತಿರುಗಿದಳು. “ಸುಧಾ, ಕಷಾಯ ಕಾಯ್ಸಿದ್ದು ನೀನೇ ಅಲ್ವಾ?”