ಬಾಗಿಲು ಬಡಿದವರು ಯಾರು?

ಟಕ್-ಟಕ್... ಟಕ್.

ರಾತ್ರಿಯ ಊಟ ಆಗಷ್ಟೇ ಮುಗಿದಿತ್ತು. ನರ್ಮದೆಯ ಅಪ್ಪ ಪ್ರಹ್ಲಾದರಾಯರು ಕಂದೀಲು ಹಿಡಿದು ಬಾಗಿಲು ತೆರೆದರು. ಗದಗಿನ ಆ ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅಗಳಿ ಹಾಕಿದ್ದೇ ತಡ, ಮತ್ತೆ ಅದೇ ಸದ್ದು: ಟಕ್-ಟಕ್... ಟಕ್. ಹಿಂದೆಯೇ ಯಾರೋ ಓಡಿದ ಹೆಜ್ಜೆಯ ಸಪ್ಪಳ.

ನರ್ಮದೆಗೆ ನಿದ್ದೆ ಹತ್ತಲಿಲ್ಲ. ಕಳ್ಳನ ಭಯಕ್ಕಿಂತ ನಾಳೆಯ ಭಯವೇ ದೊಡ್ಡದಾಗಿತ್ತು.

ಕರ್ನಾಟಕ ಒಂದಾಗುವ ದಿನಕ್ಕೆಂದು ಎರಡು ಶಾಲೆಗಳು ಕೂಡಿ ಗೋಡೆಪತ್ರಿಕೆ ಹೊರಡಿಸಲಿದ್ದವು. ಗದಗಿನ ಮಕ್ಕಳು ಬೆಟಗೇರಿಗೆ, ಬೆಟಗೇರಿಯ ಮಕ್ಕಳು ಗದಗಿಗೆ ಹೋಗಿ, ಗುರುತಿಲ್ಲದ ಮನೆಯೊಂದರಲ್ಲಿ ಒಂದು ಪ್ರಶ್ನೆ ಕೇಳಬೇಕು: ಸ್ವಾತಂತ್ರ್ಯ ಬಂದ ದಿನ ನೀವೇನು ಮಾಡುತ್ತಿದ್ದಿರಿ? ಉತ್ತರ ತಾರದವರ ಜಾಗ ಗೋಡೆಯ ಮೇಲೆ ಖಾಲಿ ಉಳಿಯುತ್ತದೆ. ನಾಡಿದ್ದು ಮುಂಜಾನೆಯೇ ಕೊಡಬೇಕು. ನರ್ಮದೆಗೋ, ಹೊಸಬರ ಎದುರು ನಾಲಗೆಯೇ ಏಳದು.

ಮರುದಿನ ಶಾಲೆ ಬಿಟ್ಟೊಡನೆ ಬೆಟಗೇರಿಯ ನೇಕಾರರ ಓಣಿಗೆ ಬಂದಳು. ಒಂದು ಬಾಗಿಲ ಮುಂದೆ ನಿಂತಳು, ಸರಿದಳು, ಮತ್ತೆ ನಿಂತಳು. ಕೊನೆಗೆ ಕಣ್ಣು ಮುಚ್ಚಿ ಬಡಿದೇಬಿಟ್ಟಳು. ಉತ್ತರವಿಲ್ಲ. ಕೈ ನೋಯುವಷ್ಟು ಬಡಿದಳು.

ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದ ಮುದುಕ ಹನುಮಪ್ಪ ನಕ್ಕ. “ಮಗ್ಗದ ಸಪ್ಪಳದಾಗ ನಿನ್ನ ಬಡಿತ ಯಾರಿಗೆ ಕೇಳತೈತಿ, ತಂಗಿ? ಇಲ್ಲಿ ಬಾಗಲಾ ಬಡಿಯಂಗಿಲ್ಲ. ಸೀದಾ ಒಳಗ ಹೋಗು.”

ಗುರುತಿಲ್ಲದ ಮನೆಯೊಳಗೆ, ಅದೂ ಕರೆಯದೆ! ನರ್ಮದೆ ಉಸಿರು ಬಿಗಿಹಿಡಿದು ಹೊಸ್ತಿಲು ದಾಟಿದಳು. ಮಗ್ಗದಲ್ಲಿ ಕುಳಿತಿದ್ದ ಮಲ್ಲವ್ವ ಲಾಳಿ ನಿಲ್ಲಿಸಿ ನೋಡಿದಳು. ಪ್ರಶ್ನೆ ಒಂದೇ ಉಸಿರಿಗೆ ಹೊರಬಿತ್ತು.

“ಅವತ್ತ ಓಣಿಯಾಗಿನ ಮಗ್ಗ ಎಲ್ಲಾ ನಿಂತಿದ್ವು,” ಎಂದಳು ಮಲ್ಲವ್ವ. “ಎಲ್ಲಾರೂ ಝಂಡಾ ನೋಡಾಕ ಹೋದ್ರು. ನನ್ನ ಎಳಿಕೂಸಿಗೆ ಮಗ್ಗದ ಸಪ್ಪಳ ಇಲ್ಲದ ನಿದ್ದಿನ ಬರವಲ್ದು, ಹೊಯ್ಕೊಳ್ಳಾಕ ಹತ್ತಿತು. ನಾ ಝಂಡಾ ನೋಡಲಿಲ್ಲವ್ವಾ. ತೊಟ್ಟಲಾ ಬಡಕೋತ ಕುಂತಿದ್ದೆ, ಹಿಂಗ.”

ಅವಳ ಬೆರಳುಗಳು ಮಗ್ಗದ ಕಟ್ಟಿಗೆಯ ಮೇಲೆ ಆಡಿದವು.

ಟಕ್-ಟಕ್... ಟಕ್.

ನಿನ್ನೆ ರಾತ್ರಿ ನರ್ಮದೆ ಕೇಳಿದ್ದ ಅದೇ ಬಡಿತ! “ಆ ಕೂಸು ಈಗ ಎಲ್ಲೆ ಅದರೀ?”

“ಅಕಾ ಅಲ್ಲಿ ನೋಡು, ಕಂಬದ ಹಿಂದ. ಹೊಸಬರನ್ನ ಕಂಡ್ರ ಹಿಂಗ ಅಡಗತೈತಿ.”

ಕಂಬದ ಹಿಂದಿನಿಂದ ನರ್ಮದೆಯದೇ ವಯಸ್ಸಿನ ಹುಡುಗಿಯೊಬ್ಬಳು ಇಣುಕಿದಳು. ಕೈಯಲ್ಲಿ ಒಂದು ಹಾಳೆ. ಅದೇ ಪ್ರಶ್ನೆ, ಕೆಳಗೆಲ್ಲ ಖಾಲಿ. ಹಾಳೆಯ ಅಂಚು ಬೆವರಿಗೆ ತೊಯ್ದಿತ್ತು. ನರ್ಮದೆ ತನ್ನ ಹಾಳೆಯನ್ನು ನೋಡಿಕೊಂಡಳು. ಅದೂ ತೊಯ್ದಿತ್ತು.

“ಇವತ್ತ ದೀಪಾ ಹಚ್ಚೂ ಹೊತ್ತಿಗೆ ನಮ್ಮನಿಗೆ ಬಾ,” ಎಂದಳು ನರ್ಮದೆ ಮೆಲ್ಲಗೆ. “ನೀ ಬಡಿ, ಬಾಗಲಾ ನಾನ ತಗೀತೀನಿ. ನಿನ್ನ ಹೆಸರೇನು?”

“ಬನಶಂಕರಿ,” ಎಂದಳು, ರಾತ್ರಿ ಬಾಗಿಲು ಬಡಿದು ಓಡಿದವಳು.